ಇಬ್ಬರು ಬೀಸುವ ಕಲ್ಲು

ಜಮಖಂಡಿಯಲ್ಲಿ ರಂಗೋಲಿ ಎಂದರೆ ತಂಗೆವ್ವನ ಮನೆಯದೇ ಆಗಬೇಕಿತ್ತು. ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದಿತ್ತು, ಕಚೇರಿಯ ಬೋರ್ಡು ಬದಲಾಗಿತ್ತು. ಹೆಣ್ಣುಮಕ್ಕಳು ಮಾತ್ರ ಬೆಳಗಾದರೆ ಅಂಗಳಕ್ಕೆ ನೀರು ಹೊಡೆದು ಅದೇ ಬಿಳಿ ಪುಡಿಗೆ ಕೈ ಹಾಕುತ್ತಿದ್ದರು. ಮಗ ತೀರಿಕೊಂಡ ಮೇಲೆ ತಂಗೆವ್ವ ಹಿಡಿದ ಕಸುಬು ಇದು. ಲೋಕಾಪುರದ ಕಡೆಯಿಂದ ಚಕ್ಕಡಿಯಲ್ಲಿ ಬರುತ್ತಿದ್ದ ಬೆಣಚುಕಲ್ಲನ್ನು ಅವಳೂ ಸೊಸೆ ಅನ್ನವ್ವನೂ ಒಡೆದು, ಕುಟ್ಟಿ, ಬೀಸುತ್ತಿದ್ದರು. ಬೆಣಚು ಜೋಳವಲ್ಲ, ಮಹಾ ಹಟಮಾರಿ. ಒಬ್ಬರೇ ಗೂಟ ಹಿಡಿದರೆ ಬೀಸುವ ಕಲ್ಲು ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಎದುರುಬದುರು ಕುಳಿತು ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕಬೇಕಿತ್ತು.

ಹೀಗೇ ಮೂರು ವರ್ಷ ಕಳೆದಿತ್ತು. ಈಗ ಮಹಾಲಿಂಗಪುರದ ಶಂಕರೆಪ್ಪ ಅನ್ನವ್ವನನ್ನು ಉಡಕಿಗೆ ಕೇಳಿ ಕಳಿಸಿದ್ದ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು ಅವರಲ್ಲಿ ಮೊದಲಿನಿಂದಲೂ ಇದ್ದ ಪದ್ಧತಿ, ಯಾರೂ ಮೂಗು ಮುರಿಯುವಂತಿರಲಿಲ್ಲ. ಶಂಕರೆಪ್ಪನಿಗೂ ಹೆಂಡತಿ ಇರಲಿಲ್ಲ. ಬೆಲ್ಲ ಮಾರಲು ಸಂತೆಗೆ ಬರುತ್ತಿದ್ದ. ಒಂಟಿ ಗಂಡಸಿಗೆ ಸಂತೆ ಸಂತೆಗೂ ಅಷ್ಟೊಂದು ರಂಗೋಲಿ ಯಾಕೆ ಬೇಕಿತ್ತೋ, ದೇವರೇ ಬಲ್ಲ. ಅನ್ನವ್ವನೂ ಬಲ್ಲಳು. ಅವನಿಗೆ ಅಳೆದು ಹಾಕುವಾಗ ಅವಳ ಕೈಯಿಂದ ಒಂದು ಹಿಡಿ ಹೆಚ್ಚೇ ಬೀಳುತ್ತಿತ್ತು.

ಆದರೂ ಅತ್ತೆಯ ಮುಂದೆ ತಲೆ ಅಲ್ಲಾಡಿಸಿಬಿಟ್ಟಳು.

"ಒಲ್ಲೆ ಅಂತ ಹೇಳಿ ಕಳಸ್ರಿ. ನಾ ಹ್ವಾದ್ರ ಕಲ್ಲಿನ ಆಚೀ ಕಡೆ ಯಾರ್ ಕುಂದರತಾರ?"

ಅನ್ನವ್ವನಿಗೆ ಸಂಕಟವಾಯಿತು. ಹೋಗುವ ಆಸೆ ಅವಳಿಗೆ ಖಂಡಿತ ಇತ್ತು. ಆದರೆ ಮಗನನ್ನು ಕಳೆದುಕೊಂಡ ಮುದುಕಿಯ ಅನ್ನವನ್ನೂ ಕಿತ್ತುಕೊಂಡು ಹೋಗಿ, ಅಲ್ಲಿ ಯಾವ ಸುಖ ಉಣ್ಣುವುದು?

ಮರುದಿನ ಅವಳು ಬಟ್ಟೆ ಒಗೆದುಕೊಂಡು ಬಂದಾಗ ಹಿತ್ತಲಲ್ಲಿ ಸಗಣಿ ಕುಳ್ಳಿನ ಹೊಗೆ ಎದ್ದಿತ್ತು. ತಂಗೆವ್ವ ಬೆಣಚುಕಲ್ಲನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಿಂದ ಎತ್ತಿ ನೀರಿಗೆ ಬಿಡುತ್ತಿದ್ದಳು. ಚೊಂಯ್ ಎಂದು ಸದ್ದಾಗಿ ಕಲ್ಲಿನ ಮೈತುಂಬ ಬಿರುಕು ಬೀಳುತ್ತಿತ್ತು. ಹಾಗೆ ಸುಟ್ಟು ಒಣಗಿಸಿದ್ದನ್ನು ಒರಳಲ್ಲಿ ಕುಟ್ಟಿದರೆ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿ. ಅದನ್ನೂ ಹಾಗೆಯೇ ಬೀಸಲಿಲ್ಲ. ಮೊದಲು ಜರಡಿ ಹಿಡಿದು, ಆಗಲೇ ನುಣ್ಣಗಾದದ್ದನ್ನು ಬೇರೆ ತೆಗೆದಳು. ಉಳಿದ ತರಿಯನ್ನಷ್ಟೇ ಚಿಟಿಕೆ ಚಿಟಿಕೆಯಾಗಿ ಕಲ್ಲಿನ ಬಾಯಿಗೆ ಹಾಕಿ, ಒಂದೇ ಕೈಯಲ್ಲಿ ಗೂಟ ತಿರುಗಿಸಿದಳು. ಕಲ್ಲು ಸರಾಗವಾಗಿ ತಿರುಗಿತು.

"ನೋಡ್ದೇನ ಬೇ? ಒಬ್ಬಾಕಿಗೇ ಆಗತೈತಿ. ನಿನ್ನ ನೆಪ ಮುಗೀತು. ಶಂಕರೆಪ್ಪಗ ಹೂಂ ಅಂತ ಹೇಳಿ ಕಳಸ್ಲೇನ?"

ಮುದುಕಿ ನಾಟಕ ಮಾಡುತ್ತಿದ್ದಾಳೆ ಎಂದುಕೊಂಡು ಅನ್ನವ್ವ ತಾನೇ ಗೂಟ ಹಿಡಿದು ನೋಡಿದಳು. ನಿಜವಾಗಿಯೂ ಹಗುರವಾಗಿತ್ತು. ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಇಷ್ಟು ದಿನ ತಾನಿಲ್ಲದೆ ಈ ಮನೆ ನಡೆಯದು ಎಂದುಕೊಂಡಿದ್ದವಳಿಗೆ, ಯಾರೋ ಕೈಹಿಡಿದು ಹೊರಗೆ ಬಿಟ್ಟಂತಾಯಿತು.

"ಇದನ್ನ ಯಾರ್ ಕಲಿಸಿದ್ರು ನಿಮಗ?"

"ನಮ್ಮವ್ವ. ನಾ ಸಣ್ಣಾಕಿ ಇದ್ದಾಗ."

ಅನ್ನವ್ವನಿಗೆ ಸಿಟ್ಟು ನೆತ್ತಿಗೇರಿತು.

"ಅಂದ್ರ ಮೊದಲಿಂದ ಗೊತ್ತಿತ್ತು! ಮತ್ತ ಕೈಗೆ ಬೊಬ್ಬಿ ಬರೂಮಟಾ ಸುಡಲಾರದ ಹಸೀ ಕಲ್ಲ ಯಾಕ್ ಬೀಸಿಸಿದ್ರಿ ನನ್ನ ಕಡೆ?"

ತಂಗೆವ್ವ ಜರಡಿ ಹಿಡಿದ ಕೈ ನಿಲ್ಲಿಸಿದಳು. ತಲೆ ಎತ್ತಲಿಲ್ಲ.

"ಅಂವ ಹ್ವಾದ ಮ್ಯಾಲೆ ನೀ ಮೂಲಿ ಹಿಡದ್ ಕುಂತಿದ್ದಿ. ಉಣ್ಣಾಕ ಕರದ್ರ ಬರ್ತಿರಲಿಲ್ಲ. ಬೀಸಾಕ ಕರದ್ರ ಅಷ್ಟ ಎದ್ದ್ ಬರ್ತಿದ್ದಿ, ಈ ಮುದುಕಿ ಕೈಲೆ ಆಗೂದಿಲ್ಲ ಅಂತ. ಎದುರಿಗೆ ಕುಂದರ್ತಿದ್ದಿ. ನಿನ್ನ ಮಾರಿ ನೋಡಕೋತ ನನಗೂ ದಿನಾ ಹ್ವಾದ್ವು. ಕಲ್ಲ ಹಗುರ ಆದ್ರ ನೀ ಯಾಕ್ ಕುಂದರ್ತಿದ್ದಿ, ತಂಗಿ?"

ಅನ್ನವ್ವ ಅತ್ತಳು. ಗಂಡ ಸತ್ತಾಗಲೂ ಇಷ್ಟು ಮನಸ್ಸು ಬಿಚ್ಚಿ ಅತ್ತಿರಲಿಲ್ಲ. ತಂಗೆವ್ವನೂ ಸೆರಗು ಬಾಯಿಗಿಟ್ಟುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಅನ್ನವ್ವ ಮೂಗು ಒರೆಸಿಕೊಂಡು, "ಹೂಂ ಅಂತ ಹೇಳಿ ಕಳಸ್ರಿ," ಅಂದಳು.

ಆಮೇಲೆ ಅತ್ತೆಯ ಎದುರಿಗೆ ಹೋಗಿ ಕುಳಿತಳು. ಸುಟ್ಟ ಕಲ್ಲಿನ ತರಿಯ ಬುಟ್ಟಿಯನ್ನು ಅತ್ತ ಸರಿಸಿ, ಗೂಟಕ್ಕೆ ಕೈ ಹಾಕಿದಳು.

"ನಾ ಹೋಗೂಮಟಾ ಹಸೀ ಕಲ್ಲ ಹಾಕ್ರಿ, ಅತ್ತಿ."