ಕಡಿಮಿ ಆತೇನು?

"ತಲಿ ಹಿಡಕೋರಿ ಅತ್ತಿಗಿ, ಬಾಗಾಕತ್ತದ," ಎಂದ ಮಲ್ಲಣ್ಣ.

ಭೀಮಮ್ಮ ಗಂಡನ ಗದ್ದದ ಕೆಳಗೆ ಅಂಗೈ ಕೊಟ್ಟು ಮುಖ ಎತ್ತಿ ಹಿಡಿದಳು. ಮಲ್ಲಣ್ಣ ಅಣ್ಣನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ಎದೆಗೆ ಧೋತರ ಸುತ್ತಿ ಗೂಟಕ್ಕೆ ಬಿಗಿದ. ತಲೆಗೆ ಪಟಗಾ ಕಟ್ಟಿದ, ಹಣೆಗೆ ವಿಭೂತಿ ಬಳಿದ. ಕೂತವನು ಸತ್ತವನಂತೆ ಕಾಣಲೇ ಇಲ್ಲ. ಅರವತ್ತೊಂದಾದರೂ ಲಾಲಪ್ಪನ ತೋಳು ಗರಡಿಯವರ ತೋಳಿನ ಹಾಗಿದ್ದವು. ಮಣ್ಣಿಗೆ ಬಂದವರೆಲ್ಲ ಮುಖ ನೋಡುವುದಕ್ಕಿಂತ ಮೊದಲು ಆ ತೋಳನ್ನೇ ನೋಡುತ್ತಿದ್ದರು.

"ಇಂಥಾ ಆಳು ಹೆಂಗ ಸತ್ತಾನ್ರಿ?" ಎಂದರು ಒಬ್ಬರು. "ನಿನ್ನಿ ಸಂಜೀಕ ನನಗ ಶರಣು ಅಂದು ಹೋಗ್ಯಾನ," ಎಂದರು ಇನ್ನೊಬ್ಬರು.

ಅಷ್ಟರಲ್ಲಿ ಯಾದಗಿರಿಯಿಂದ ಮಗಳು ಸವಿತಾ ಬಂದಳು. ಅಂಚೆ ಕಚೇರಿಯಲ್ಲಿ ನೌಕರಿ ಅವಳಿಗೆ, ಒಬ್ಬಳೇ ಮಗಳು. ಬಂದವಳು ಅಪ್ಪನ ಕಾಲ ಮೇಲೆ ಬಿದ್ದು, ಇದ್ದಷ್ಟು ದನಿ ತೆಗೆದು ಅತ್ತಳು. ಆಮೇಲೆ ತಲೆ ಎತ್ತಿ ತಾಯಿಯನ್ನು ನೋಡಿದಳು. ಆ ನೋಟ ಭೀಮಮ್ಮನಿಗೆ ಗೊತ್ತಿತ್ತು. ರಾತ್ರಿಯಿಡೀ ಅದಕ್ಕೇ ಹೆದರಿ ಕೂತಿದ್ದಳು.

"ಡಾಕ್ಟರು ಏನ್ ಹೇಳಿದ್ರು ಯವ್ವಾ? ನಿನ್ನ ಮುಂದ, ನನ್ನ ಮುಂದ ಇಬ್ಬರ ಮುಂದ ಹೇಳಿದ್ರಿಲ್ಲೋ? ನಾ ಊರಾಗ ಇರಂಗಿಲ್ಲ, ನೀ ನೋಡ್ಕೋ ಅಂತ ನಿನ್ನ ಕೈ ಹಿಡಿದು ಹೇಳಿದ್ದೆ. ಏನ್ ನೋಡಿದಿ ನೀ?"

ಸತ್ತ ಮನೆಯಲ್ಲಿ ಮಗಳು ತಾಯಿಗೆ ಹೀಗೆ ಕೇಳಬಾರದು, ಆದರೆ ಕೇಳಿಯಾಗಿತ್ತು.

"ಕಡಿಮಿ ಮಾಡಿಸೀನಿ ಸವಿ," ಎಂದಳು ಭೀಮಮ್ಮ. "ನಿಮ್ಮಪ್ಪನ ಆಣಿ. ಒಂದು ದಿನ ಕೇಳೋದು ಬಿಟ್ಟಿಲ್ಲ ನಾ. ದಿನಾ ಒಂದೀಟು, ದಿನಾ ಒಂದೀಟು ಇಳಿಸಿಕೋತ ಬಂದ್ರು. ನಾ ಕೇಳಿದ್ದು ಒಂದೂ ಮೀರಿಲ್ಲ ಅವರು. ಹಂಗಿದ್ದೂ ದೇವ್ರು ಒಯ್ದ, ನಾ ಏನ್ ಮಾಡಲಿ?"

ಸವಿತಾ ಮಾತು ನಂಬಿದಳೋ ಬಿಟ್ಟಳೋ, ಸೆರಗು ಬಾಯಿಗಿಟ್ಟುಕೊಂಡು ಅಪ್ಪನ ಪಾದ ಒರೆಸುತ್ತ ಕೂತಳು. ಭೀಮಮ್ಮನಿಗೆ ಗಂಡನ ಪಕ್ಕದಲ್ಲಿ ಹಿಡಿದುಕೊಳ್ಳಲು ಉಳಿದಿದ್ದದ್ದು ಆ ಒಂದೇ ಮಾತು. ನಾನು ನೋಡಿಕೊಂಡೆ, ನನ್ನ ಕಡೆಯಿಂದ ತಪ್ಪಾಗಲಿಲ್ಲ.

* * *

ನಾರಾಯಣಪುರದ ಡ್ಯಾಮಿನ ಗೇಟಿನ ಕೆಲಸದಿಂದ ನಿವೃತ್ತನಾಗಿ, ಕ್ವಾರ್ಟರ್ಸ್ ಖಾಲಿ ಮಾಡಿ ಸುರಪುರಕ್ಕೆ ಬಂದಾಗ ಲಾಲಪ್ಪನ ಅವಸ್ಥೆ ನೋಡಲಾರದಂತಿತ್ತು. ಅಂಬಿಗರ ಪೈಕಿಯವನು. ಅಪ್ಪ ಕೃಷ್ಣೆಯಲ್ಲಿ ದೋಣಿ ಹಾಕಿದವನು, ಇವನು ಅದೇ ಹೊಳೆಯ ನೀರನ್ನು ಗೇಟಿನಲ್ಲಿ ಹಿಡಿದು ಬಿಟ್ಟವನು. ಸುರಪುರದಲ್ಲಿ ನೋಡಿದರೆ ನಾಲ್ಕೂ ಕಡೆ ಗುಡ್ಡ, ಬಂಡೆ. ಬೆಳಗಾದರೆ ಬಾಗಿಲಲ್ಲಿ ಕೂರುವುದು, ಹೊತ್ತು ಮುಳುಗಿದರೆ ಒಳಗೆ ಬರುವುದು. ಮಾತಿಗೊಮ್ಮೆ ಸಿಡುಕು.

ಆಗ ಅಬ್ದುಲ್ ಕರೀಮ ತನ್ನ ಜಿಮ್ಮಿಗೆ ಹೈದರಾಬಾದಿನಿಂದ ಹಳೇ ಸಾಮಾನು ತರಿಸಿದ. ಅದರಲ್ಲೊಂದು ಹುಟ್ಟು ಹಾಕುವ ಮಷೀನು. ನೀರಿಲ್ಲ, ದೋಣಿ ಇಲ್ಲ, ಜಾರುವ ಸೀಟಿನ ಮೇಲೆ ಕೂತು ಸರಪಳಿಯ ಹಿಡಿಕೆ ಎಳೆಯಬೇಕು. ಹುಡುಗರು ಯಾರೂ ಅದನ್ನು ಮುಟ್ಟಲಿಲ್ಲ, ಅಂಗಿ ತೆಗೆದು ಅದರ ಮೇಲೆ ಒಗೆಯುತ್ತಿದ್ದರು. ಬೀದಿಯಲ್ಲಿ ಹೋಗುತ್ತಿದ್ದ ಲಾಲಪ್ಪ ಅದನ್ನು ನೋಡಿ ಒಳಗೆ ಹೊಕ್ಕ.

"ಅರವತ್ತಕ್ಕ ಅರಳುಮರಳು ಅಂತಾರ, ಖರೇನ ಅದ," ಎಂದಿದ್ದಳು ಭೀಮಮ್ಮ ಆ ದಿನ. "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಿನ್ಯಾಗ ಜಿಮ್ಮಂತ ಜಿಮ್ಮು."

"ಮೊದಲು ಮೊಮ್ಮಕ್ಕಳು ಆಗಲಿ, ಆಮ್ಯಾಲ ಆಡಸೂಣು," ಎಂದ ಲಾಲಪ್ಪ. ಅವನ ಮುಖದಲ್ಲಿ ನಗೆ ನೋಡಿ ಎಷ್ಟು ತಿಂಗಳಾಗಿತ್ತೋ. ಭೀಮಮ್ಮ ಬಾಯಿ ಮುಚ್ಚಿಕೊಂಡಳು. ಹೋಗಿ ಬರಲಿ ಬಿಡು, ಮನಿಷ್ಯಾ ಮನಿಷ್ಯಾ ಆಗ್ಯಾನ ಎಂದುಕೊಂಡಳು.

ಹೀಗೆ ಶುರುವಾಯಿತು. ಸಂಜೆ ಬರುವವನು, ಕೈಕಾಲು ತೊಳೆದು, ಚಹಾ ಕುಡಿಯುತ್ತ, "ಇವತ್ತ ಹನ್ನೊಂದ ನಿಮಿಷ," ಎನ್ನುವನು. ಮಷೀನಿಗೆ ಒಂದು ಸಣ್ಣ ಪರದೆ ಇದೆಯಂತೆ, ಅದರಲ್ಲಿ ಬರುತ್ತದಂತೆ. ಲಾಲಪ್ಪನದು ಮರೆವಿನ ತಲೆ. ಭೀಮಮ್ಮನದು ಹಾಗಲ್ಲ, ಯಾರ ಮದುವೆಗೆ ಯಾರು ಎಷ್ಟು ಆಯೇರಿ ಮಾಡಿದರು ಎನ್ನುವುದನ್ನು ಇವತ್ತಿಗೂ ಹೇಳುವವಳು. "ನಿನ್ನಿ ಎಷ್ಟಂದಿದ್ದೆ?" ಎಂದು ಅವನು ಕೇಳುವುದು, "ಹನ್ನೊಂದು ಅಂದಿದ್ರಿ," ಎಂದು ಇವಳು ಹೇಳುವುದು. ಹೊತ್ತು ಹೋಗಲೆಂದು ಆಡಿದ ಮಾತುಗಳು.

ಅವಳು ತಿಳಿದದ್ದು ಇಷ್ಟು. ಅವನು ಆ ಮಷೀನಿನ ಮೇಲೆ ಕೂತು ಎಳೆಯುವುದು ಹನ್ನೊಂದು ನಿಮಿಷ, ಉಳಿದ ಹೊತ್ತೆಲ್ಲ ಕರೀಮನ ಜೊತೆ ಹರಟೆ.

* * *

ಹೋದ ಬೇಸಿಗೆಯಲ್ಲಿ ಮೆಟ್ಟಿಲು ಹತ್ತುವಾಗ ಲಾಲಪ್ಪ ಎದೆ ಹಿಡಿದುಕೊಂಡ. ಸವಿತಾ ಯಾದಗಿರಿಗೆ ಕರೆಸಿಕೊಂಡು ತೋರಿಸಿದಳು. ಅವನು ಗುಳಿಗೆ ತರಲು ಹೊರಗೆ ಹೋದಾಗ ಡಾಕ್ಟರು ತಾಯಿ ಮಗಳನ್ನು ಒಳಗೆ ಕರೆದರು. ಗುಂಡಿಗೆ ದುರ್ಬಲ ಇದೆ, ಅವರಿಗೆ ಹೇಳಿ ಹೆದರಿಸಬೇಡಿ, ಆದರೆ ಆ ಎಳೆಯೋದು ಜಗ್ಗೋದು ಕಡಿಮೆ ಮಾಡಿಸಿ, ಕಡೆಗೆ ಬಿಡಿಸಿ ಎಂದರು.

ಬಿಡು ಎಂದರೆ ಬಿಡುವ ಜಾತಿಯಲ್ಲ ಲಾಲಪ್ಪ. ಬಸ್ಸಿನಲ್ಲಿ ಬರುವಾಗ ಭೀಮಮ್ಮ ಮನಸ್ಸಿನಲ್ಲೇ ಒಂದು ದಾರಿ ಹುಡುಕಿದಳು. ಒಮ್ಮೆಲೇ ಬೇಡ, ಕುಡುಕನಿಗೆ ಬಿಡಿಸಿದ ಹಾಗೆ ಇಷ್ಟಿಷ್ಟೇ ಇಳಿಸಬೇಕು. ಮರುದಿನ ಸಂಜೆ ಚಹಾ ಕೊಟ್ಟು ಮೆಲ್ಲಗೆ ಎಂದಳು.

"ಏನ್ರಿ, ಇನ್ನ ಮ್ಯಾಲ ದಿನಾ ಒಂದೀಟು ಕಡಿಮಿ ಮಾಡಕೋತ ಬರ್ರಿ. ನನ್ನ ಸಲುವಾಗಿ."

ಲಾಲಪ್ಪ ಬಟ್ಟಲು ಕೆಳಗಿಟ್ಟು ಅವಳನ್ನೇ ನೋಡಿದ. ಕಣ್ಣಲ್ಲಿ ನೀರು ಬಂದದ್ದನ್ನು ಅವಳು ಕಂಡಳು. "ಖರೇ ಅಂತೀಯೇನು? ನೀ ಬ್ಯಾಡ ಅಂತೀದಿ ಅನ್ನಕೊಂಡಿದ್ದೆ."

"ಬ್ಯಾಡ ಅನ್ನಂಗಿಲ್ಲ. ಕಡಿಮಿ ಮಾಡ್ರಿ."

"ಮಾಡ್ತೀನಿ," ಎಂದ. ಮದುವೆಯ ದಿನ ಕೂಡ ಅಷ್ಟು ಪ್ರೀತಿಯಿಂದ ಮಾತಾಡಿದವನಲ್ಲ.

ಅಂದಿನಿಂದ ಅವನು ಹೊಸ್ತಿಲು ದಾಟುವುದೇ ತಡ, "ಕಡಿಮಿ ಆತೇನು?" ಎಂದು ಅವಳು ಕೇಳುವಳು. ಆಯಿತು ಎಂದ ದಿನ ಬೆಣ್ಣೆ ಹಚ್ಚಿದ ರೊಟ್ಟಿ. ಇಲ್ಲ, ನಾಲ್ಕು ಸೆಕೆಂಡು ಹೆಚ್ಚಾತು ಎಂದ ದಿನ ಮುನಿಸು. "ಯಾಕ ಹೆಚ್ಚಾತು? ನನಗ ಮಾತು ಕೊಟ್ಟೀರಿ ನೀವು. ನಾಳಿ ಇವತ್ತಿಂದೂ ಹಿಡಿದು ಕಡಿಮಿ ಮಾಡ್ರಿ." ಮರುದಿನ ಅವನು ಮಾಡಿಯೇ ಬರುತ್ತಿದ್ದ. ಬೆವರಲ್ಲಿ ತೊಯ್ದು, ತುಟಿ ಬಿಳಿಚಿಕೊಂಡು ಬರುತ್ತಿದ್ದ. ಬಿಸಿಲಿಗೆ ಹಾಗಾಗಿದೆ ಎಂದುಕೊಂಡಳು. ಸವಿತಾ ಭಾನುವಾರ ಫೋನು ಮಾಡಿದರೆ, "ಕಡಿಮಿ ಮಾಡ್ಯಾರ ತಗೋ, ಭಾಳ ಇಳದದ," ಎಂದು ಹೇಳುತ್ತಿದ್ದಳು.

ಎಂಟರ ಹತ್ತಿರ ಬಂದು ನಿಂತಿತು. ಎಷ್ಟು ಮಾಡಿದರೂ ಅದರ ಕೆಳಗೆ ಬರಲೊಲ್ಲದು.

"ಎಂಟರ ಒಳಗ ತಂದ್ರ ಹೂರಣದ ಹೋಳಿಗಿ ಮಾಡ್ತೀನಿ," ಎಂದಳು ಭೀಮಮ್ಮ. ಏಳಕ್ಕೆ ಬಂದರೆ ಆರು, ಆಮೇಲೆ ಐದು, ಆಮೇಲೆ ಪೂರ್ತಿ ಬಿಡಿಸುವುದು ಅವಳ ಲೆಕ್ಕ.

ನಿನ್ನೆ ಸಂಜೆ ಅವನು ಗೋಡೆ ಹಿಡಿದುಕೊಂಡು ಬಂದ. "ಬಂತು," ಎಂದ. "ಎಂಟರ ಒಳಗ ಬಂತು." ಭೀಮಮ್ಮ ಕೈ ಮುಗಿದು ದೇವರ ಕಡೆ ನೋಡಿದಳು, ಅಡುಗೆ ಮನೆಗೆ ಹೋಗಿ ಕಡಲೆಬೇಳೆ ಒಲೆಗೆ ಏರಿಸಿದಳು. ಬೇಳೆ ಕುದಿಯುವಾಗ ಅವನು ಏನೋ ಕರೆದಂತಾಯಿತು. ಬಂದು ನೋಡಿದರೆ ಹೋಗಿಬಿಟ್ಟಿದ್ದ.

* * *

ಹೊತ್ತು ನೆತ್ತಿಗೆ ಬರುವಾಗ ಅಬ್ದುಲ್ ಕರೀಮ ಬಂದ. ದೊಡ್ಡ ಮಾಲೆ ತಂದಿದ್ದ. ಹಾಕಿ, ಸ್ವಲ್ಪ ಹೊತ್ತು ಲಾಲಪ್ಪನ ಕಾಲ ಬಳಿ ತಲೆ ತಗ್ಗಿಸಿ ನಿಂತ. ಆಮೇಲೆ, ನೀರು ತೆಗೆದುಕೊಳ್ಳಲು ಹಿತ್ತಲಿಗೆ ಹೋಗಿದ್ದ ಭೀಮಮ್ಮನ ಹಿಂದೆಯೇ ಬಂದ.

"ಚಾಚಿ, ಏನ್ ಹೇಳಬೇಕೋ ತಿಳೀವಲ್ದು. ಚಾಚಾ ಹಂತಾ ಆಳು ನನ್ನ ಜಿಮ್ಮಿಗೆ ಇನ್ನ ಬರಂಗಿಲ್ಲ. ಹುಡುಗರಿಗೆಲ್ಲ ನಿಮ್ಮ ಮಾತೇ ಹೇಳತಿದ್ದರು."

"ನನ್ನ ಮಾತೇನಪಾ ಅದು?"

"ಜಿಮ್ಮಿಗೆ ಯಾಕ ಹೋಗ್ತಿ ಅಂತ ನಿಮ್ಮ ಮನ್ಯಾಗ ಬೈತಾರ, ನಮ್ಮಾಕೀನೂ ಬೈತಾಳ, ಆದ್ರ ಬ್ಯಾರೇದಕ್ಕ ಬೈತಾಳ ಅಂತಿದ್ದರು. ಕಡಿಮಿ ಆಗಲಿಲ್ಲಂದ್ರ ಮನ್ಯಾಗ ಮಾತಾಡಸಂಗಿಲ್ಲ ನಮ್ಮಾಕಿ, ಅಂತ ನಗತಿದ್ದರು. ದಮ್ ಹತ್ತಿ ಸಾಕ್ರಿ ಚಾಚಾ ಅಂದ್ರೂ ಕೇಳತಿದ್ದಿಲ್ಲ. ಭೀಮಿಗೆ ಏನಂತ ಹೇಳಲಿ ಅಂತ ಮತ್ತ ಕುಂದರತಿದ್ದರು."

ಭೀಮಮ್ಮನ ಕೈಯಲ್ಲಿ ತಂಬಿಗೆ ಹಾಗೇ ನಿಂತಿತು. "ಕಡಿಮಿ ಮಾಡಾಕ ಮತ್ತ ಯಾಕ ಕುಂದರಬೇಕಪಾ? ಎದ್ದು ಬಂದ್ರ ಕಡಿಮಿ ಆತಲ್ಲ."

ಅವಳಿಗೆ ಇದು ಗೊತ್ತೇ ಇಲ್ಲವೆಂದು ಕರೀಮನಿಗೆ ಹೊಳೆಯಲಿಲ್ಲ. "ಹಂಗಲ್ಲ ಚಾಚಿ. ಎರಡ ಸಾವಿರ ಮೀಟರ್ ಎಳೀಬೇಕು, ದೂರ ಯಾವಾಗಲೂ ಅಷ್ಟ. ಎಷ್ಟು ಹೊತ್ತಿನ್ಯಾಗ ಎಳೀತೀರಿ ಅನ್ನೋದು ಲೆಕ್ಕ. ಟೈಮು ಕಡಿಮಿ ಆತಂದ್ರ ಅಷ್ಟು ಜೋರ ಎಳದಂಗ."

"ಜೋರ?"

"ಹೌದ್ರಿ. ಎರಡ ತಾಸಿಗೆ ಯಾದಗಿರಿ ಮುಟ್ಟೋ ಬಸ್ಸು ಒಂದ ತಾಸಿಗೆ ಮುಟ್ಟಿತಂದ್ರ ಡ್ರೈವರ್ ಹಗೂರ ಹೊಡದಾನಂತ ಏನು? ಹನ್ನೊಂದರಿಂದ ಎಂಟರ ಒಳಗ ಅಂದ್ರ ಹುಡುಗಾಟ ಅಲ್ಲ ಚಾಚಿ, ಇಪ್ಪತ್ತು ವರ್ಷದವರಿಗೂ ಆಗವಲ್ದು. ನಿನ್ನಿ ಎಳದು ಮುಗಿಸಿ ನೆಲದ ಮ್ಯಾಲ ಬಿದ್ದುಬಿಟ್ಟರು. ನಾ ನೀರು ಹೊಡದೆ. ಎದ್ದವರೇ ಹೋಳಿಗಿ ಗೆದ್ದೆ ಕರೀಮ ಅಂದ್ರು." ಅವನು ಕಣ್ಣೊರೆಸಿಕೊಂಡ. "ಅವರನ್ನ ಅಲ್ಲೀಮಟ ತಂದವರು ನೀವೇ ಚಾಚಿ. ನಮ್ಮ ಮನ್ಯಾಗಿನವರು ಒಂದು ದಿನ ಹಂಗ ಕೇಳಿಲ್ಲ ನನಗ."

ಅವನು ಸಲಾಮು ಮಾಡಿ ಹೋದ. ಭೀಮಮ್ಮ ತಂಬಿಗೆ ಕೆಳಗಿಟ್ಟು ಅಲ್ಲೇ ಕೂತಳು. ಹನ್ನೊಂದು, ಹತ್ತು, ಒಂಬತ್ತು, ಎಂಟು. ಒಂದೊಂದು ಸಂಜೆಯೂ ಅವಳಿಗೆ ನೆನಪಿತ್ತು. ಮರೆವು ಎನ್ನುವುದನ್ನು ದೇವರು ಆಕೆಗೆ ಕೊಟ್ಟಿರಲಿಲ್ಲ. ಯಾವ ದಿನ ಮುನಿಸಿಕೊಂಡಳು, ಯಾವ ದಿನ ಬೆಣ್ಣೆ ಹಚ್ಚಿದಳು, ಎಲ್ಲ ಸಾಲುಸಾಲಾಗಿ ಬಂತು. ಅವನು ಬಿಳಿಚಿದ ತುಟಿಯಲ್ಲಿ ನಗುತ್ತ ಬಂದದ್ದು ಬಂತು. ಅವನು ಸುಳ್ಳು ಹೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ. ನಾನೇ ಕೊಂದೆ ಎಂದು ಅಂದುಕೊಂಡಳು. ಬೆಣ್ಣಿ ಹಚ್ಚಿ ಕೊಂದೆ.

ಮನೆಯ ಮುಂದೆ ಹಲಗಿ ಬಡಿಯುವವರು ಬಂದರು. ಹೆಣ ಎತ್ತುವ ಹೊತ್ತಾಗಿತ್ತು.

* * *

ಮಣ್ಣು ಕೊಟ್ಟು ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬಂದವರು ದೀಪ ನೋಡಿ, ಒಬ್ಬೊಬ್ಬರೇ ಭೀಮಮ್ಮನ ಎದುರು ಎರಡು ಮಾತಾಡಿ ಹೋಗುತ್ತಿದ್ದರು. ನೀ ಭಾಳ ಚಲೋ ನೋಡಕೊಂಡಿ ತಾಯಿ. ಗಂಡ ಹೆಂಡತಿ ಅಂದ್ರ ಹಂಗಿರಬೇಕು. ಬೆಳಗ್ಗೆ ಆಕೆಯೇ ಬಿತ್ತಿದ ಮಾತು ಓಣಿಯೆಲ್ಲ ತಿರುಗಿ, ಬೆಳೆದು, ಮನೆಗೆ ಬಂದಿತ್ತು. ಒಂದೊಂದು ಮಾತಿಗೂ ಆಕೆ ತಲೆ ಇನ್ನಷ್ಟು ತಗ್ಗಿಸುತ್ತಿದ್ದಳು. ಹೇಳಿದರೆ ಮಗಳು ಕೈಬಿಡುತ್ತಾಳೆ, ಗಂಡನ ಹಿಂದೆ ಮಗಳೂ ಹೋಗುತ್ತಾಳೆ. ಹೇಳದಿದ್ದರೆ ಈ ಹೊಗಳಿಕೆಯನ್ನು ಸಾಯುವ ತನಕ ಹೊರಬೇಕು. ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಬಾಯಿ ಮುಚ್ಚಿದರೂ ಉಸಿರು ಕಟ್ಟುತ್ತಿತ್ತು.

ತವರೂರು ದೋರನಹಳ್ಳಿಯಿಂದ ಭೀಮಮ್ಮನ ಅಕ್ಕ ಗೊಲ್ಲಾಳಮ್ಮ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ತವರಿನಿಂದ ಬಂದ ಅನ್ನವನ್ನು ಮಗಳು ಮೊದಲು ತಾಯಿಯ ಬಾಯಿಗೆ ಇಡಬೇಕು, ಉಳಿದವರು ಉಣ್ಣುವುದು ಆಮೇಲೆ. ಗೊಲ್ಲಾಳಮ್ಮ ಗಂಗಾಳ ತಂದು ಸವಿತಾಳ ಮುಂದಿಟ್ಟಳು.

ಸವಿತಾ ತಾಯಿಯ ಎದುರು ಬಂದು ಕೂತಳು. ಅತ್ತು ಅತ್ತು ಮುಖ ಬಾತಿತ್ತು.

"ಯವ್ವಾ, ಮುಂಜಾನಿ ಬಾಯಿಗೆ ಬಂದಂಗ ಅಂದೆ. ಮನಸಿನ್ಯಾಗ ಇಟ್ಟಕೋಬ್ಯಾಡ. ಡಾಕ್ಟರು ಹೇಳಿದಂಗ ನೀ ಮಾಡಿದಿ. ನೀ ಇರಲಿಲ್ಲಂದ್ರ ಅಪ್ಪ ಇಷ್ಟ ದಿನಾನೂ ಉಳೀತಿದ್ದಿಲ್ಲ."

"ಸವಿ," ಎಂದಳು ಭೀಮಮ್ಮ. "ನಾ ನಿನಗ ಒಂದು..."

ಬಾಯಿ ತೆರೆದದ್ದೇ ತುತ್ತು ಬಂದು ಬಿತ್ತು. ಅಗಿಯದೆ ನುಂಗಿದಳು. ಗಂಟಲು ಹಿಡಿಯಿತು, ಗೊಲ್ಲಾಳಮ್ಮ ನೀರು ಕೊಟ್ಟಳು.

"ಕೇಳು ಯವ್ವ. ಆ ಮಷೀನು ಅದಲ್ಲ, ಕಡಿಮಿ ಅಂದ್ರ..."

"ಈಗ ಅದರ ಮಾತು ಬ್ಯಾಡ," ಎಂದಳು ಸವಿತಾ, ಎಡಗೈಯಿಂದ ತಾಯಿಯ ಕಣ್ಣೊರೆಸುತ್ತ. "ಉಣ್ಣು." ಇನ್ನೊಂದು ತುತ್ತು ಇಟ್ಟಳು.

ಭೀಮಮ್ಮ ಅದನ್ನೂ ನುಂಗಿದಳು. ಮಗಳ ಮುಖ ನೋಡಿದಳು. ಆ ಮುಖದಲ್ಲಿ ಬೆಳಗಿನ ಸಿಟ್ಟು ಒಂದು ಚೂರೂ ಉಳಿದಿರಲಿಲ್ಲ. ಈಗಲೇ ಹೇಳಬೇಕು, ಈಗ ಬಿಟ್ಟರೆ ಇನ್ನೆಂದೂ ಆಗದು ಎಂದು ಮತ್ತೆ ಬಾಯಿ ತೆರೆದಳು.

"ಹಸದಾಳ ಪಾಪ," ಎಂದಳು ಗೊಲ್ಲಾಳಮ್ಮ, ಸುತ್ತ ಕೂತ ಹೆಂಗಸರಿಗೆ. "ನಿನ್ನಿಯಿಂದ ಏನೂ ಮುಟ್ಟಿಲ್ಲ. ನೋಡ್ರಿ, ತಾನಾಗೇ ಬಾಯಿ ತೆರೀತಾಳ. ಇಡು ಸವಿ, ಇನ್ನೊಂದಿಡು."

ಸವಿತಾ ಅನ್ನ ಕಲಸಿ, ಮೊದಲಿನವಕ್ಕಿಂತ ದೊಡ್ಡ ತುತ್ತು ಮಾಡಿ, ತೆರೆದ ಬಾಯಿಯೊಳಗೆ ಇಟ್ಟಳು.