ಕೊನೆಯ ಸ್ಥಾನದ ಮಣ್ಣು

ಮುಚ್ಚಿಹೋದ ಕ್ರೋಮ್ ಲೇಪನದ ಕಾರ್ಖಾನೆಯ ಮಣ್ಣನ್ನು ಡಬ್ಬಿಗೆ ತುಂಬಿ ಪರೀಕ್ಷೆಗೆಂದು ನಾನು ಬಿಟ್ಟ ಎರೆಹುಳುಗಳು ಬೆಳಗಾಗುವುದರೊಳಗೆ ಸತ್ತು ಲೋಳೆಯಾಗಿದ್ದವು. ಡಬ್ಬಿ ತೆರೆದರೆ ಗಬ್ಬು ನಾತ. ಅದನ್ನೇ ಒಯ್ದು ನಮ್ಮ ಮೇಲಧಿಕಾರಿ ಬಿಂದುಮಾಧವ ಸರ್ ಮುಂದಿಟ್ಟೆ. ಹುಬ್ಬಳ್ಳಿಯ ಹಳೆಯ ಕಾರ್ಖಾನೆ ಜಾಗಗಳಲ್ಲಿ ಯಾವುದರ ಮಣ್ಣು ಜೀವಿಗಳಿಗೆ ಹೆಚ್ಚು ಅಪಾಯ ಎಂದು ಕ್ರಮ ಹಚ್ಚಿಕೊಡುವುದು ನಮ್ಮ ಕಚೇರಿಯ ಕೆಲಸ. ಮೊದಲ ಸ್ಥಾನ ಬಂದ ಜಾಗದ ಮಣ್ಣನ್ನಷ್ಟೇ ಈ ವರ್ಷ ಅಗೆದು ಸಾಗಿಸುತ್ತಾರೆ.

"ಇದನ್ನ ಕಡೀಕ ಹಾಕು, ಸಂಪದಾ," ಎಂದರು ಸರ್, ಮೂಗು ಮುಚ್ಚಿಕೊಂಡು.

"ಯಾಕ್ರಿ ಸರ್?"

"ಅಲ್ಲೆ ಹುಲ್ಲಿಲ್ಲ, ಹುಳಾ ಇಲ್ಲ, ಒಂದು ಹಕ್ಕಿ ಸೈತ ಕೂಡೂದಿಲ್ಲ. ಜೀವಾನ ಇಲ್ಲ ಅಂದಮ್ಯಾಲ ಅಪಾಯ ಯಾರಿಗೆ?"

ಥೂ, ಇದೆಂಥ ಬುದ್ಧಿ! ಎಲ್ಲವನ್ನೂ ಕೊಂದು ಮುಗಿಸಿದ್ದಕ್ಕೇ ಆ ಜಾಗಕ್ಕೆ ಮಾಫಿ.

"ಕಾರ್ಖಾನಿ ಗ್ವಾಡಿ ಆಚೆ ಮದೀನಾಬಿ ಅನ್ನೂ ಹೆಣ್ಮಗಳು ಇದ್ದಾಳ್ರಿ. ಆಕಿ ಬಾವಿ ನೀರು ಹಳದಿ ಬರ್ತದ. ಕುಡದ ಆಡು ಸತ್ತಾವ. ಆಕಿ ಕೈ ಬೆರಳ ಸಂದಿನ್ಯಾಗೆಲ್ಲಾ ಹುಣ್ಣು."

"ಮನಷ್ಯಾರನ್ನ ನೋಡಾಕ ಬ್ಯಾರೆ ಇಲಾಖೆ ಅದ. ಆಡು ಸಾಕಿದ್ದು, ತಾನಾಗೇ ಬೆಳದ ಜೀವಾ ಅಷ್ಟ ನಮ್ಮ ಲೆಕ್ಕಕ್ಕ ಬರೂದು."

ಹೀಗೆಂದು ಸರ್ ಚಹಾ ಹೀರಿದರು. ನನಗೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ. ಚಾಲಕ ಅಕೀಬ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ.

ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಪೂಜೆಗೆ ಎತ್ತು ಮಾಡಲು ಮಣ್ಣು ಬೇಕೆಂದು ಸರ್ ಹೆಂಡತಿ ಸುಲಭಾ ನವನಗರದ ಮನೆಯಿಂದ ಫೋನ್ ಮಾಡಿದ್ದರು. ಅಂದೇ ಸಂಜೆ ಅಕೀಬ ಒಂದು ಚೀಲ ಕರಿ ಮಣ್ಣು ಕಚೇರಿಗೆ ತಂದಿಟ್ಟ. ಸರ್ ಒಂದು ಮುಷ್ಟಿ ತೆಗೆದು, ನೀರು ಚಿಮುಕಿಸಿ, ಅಂಗೈಯಲ್ಲಿ ನಾದಿ ನೋಡಿದರು.

"ಛಲೋ ಅದ. ಎಲ್ಲಿಂದ ತಂದಿ?"

"ಆ ಕ್ರೋಮ್ ಕಾರ್ಖಾನಿದ್ರಿ. ಏನೂ ಅಪಾಯ ಇಲ್ಲಂತ ಮುಂಜಾನೆ ನೀವ ಹೇಳಿದ್ರೆಲ್ರಿ."

ಸರ್ ಮುದ್ದೆಯನ್ನು ಕಿಟಕಿಯಾಚೆ ಒಗೆದು ನಲ್ಲಿಗೆ ಓಡಿದರು. ಉಗುರು, ಮೊಣಕೈ, ಉಂಗುರದ ಸಂದು ಎಲ್ಲವನ್ನೂ ಸಾಬೂನು ಹಚ್ಚಿ ತಿಕ್ಕಿದರು.

"ಸಂಪದಾ," ಎಂದರು, ನನ್ನ ಮುಖ ನೋಡದೆ, "ಆ ಜಾಗಾ ಮೊದಲಿಗೆ ಹಾಕು."

ಸತ್ತ ಹುಳ, ಸತ್ತ ಆಡು, ಮದೀನಾಬಿಯ ಹುಣ್ಣು, ಯಾವುದಕ್ಕೂ ಅಲುಗಾಡದ ಕ್ರಮ ಇವರ ಅಂಗೈಗೆ ಮಣ್ಣು ತಾಗಿದ್ದೇ ತಡ ತಲೆಕೆಳಗಾಯಿತು. ನನಗೆ ಖುಷಿಯಾಗಬೇಕಿತ್ತು. ಅವರು ಮತ್ತೊಮ್ಮೆ ಸಾಬೂನು ಕೈಗೆತ್ತಿಕೊಂಡದ್ದು ನೋಡಿ ಉಗುಳಬೇಕೆನಿಸಿತು. ಮದೀನಾಬಿ ಈಗಲೂ ಕೈ ತೊಳೆಯುವುದು ಆ ಹಳದಿ ನೀರಿನಲ್ಲೇ.