ಅರ್ಧಕ್ಕ ಹಿಡಿಸುವ ಪೆಟ್ಟಿಗೆ

೧

ದಪ್ಪಗಾದ ಹೆಂಗಸಿನ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಸೊಂಟದಿಂದ ಶುರು ಮಾಡಿದರೆ ನೀವು ನಗುತ್ತೀರಿ. ಮನಸ್ಸಿನಿಂದ ಶುರು ಮಾಡಿದರೆ, ಓಹೋ ಇದು ಆ ಥರದ ಕಥೆ ಎಂದು ಪುಟ ಮಗುಚುತ್ತೀರಿ. ಕನ್ನಡಿಯಿಂದಂತೂ ಬೇಡವೇ ಬೇಡ. ಕಥೆಗಳಲ್ಲಿ ಹೆಂಗಸರು ಕನ್ನಡಿಯ ಮುಂದೆ ನಿಂತೂ ನಿಂತೂ ಅವರ ಕಾಲು ಜೋಮು ಹಿಡಿದಿದೆ.

ಆದ್ದರಿಂದ ಪೆಟ್ಟಿಗೆಯಿಂದ ಶುರು ಮಾಡುತ್ತೇನೆ. ಮರದ ಪೆಟ್ಟಿಗೆ, ಕೆಂಪು ಬಣ್ಣ, ಅಂಚಿಗೆ ಚಿನ್ನದ ಬಣ್ಣದ ಪಟ್ಟಿ, ಕೆಳಗೆ ಗಾಲಿಗಳು, ನಟ್ಟನಡುವೆ ಗರಗಸ ಇಳಿಯಲು ಒಂದು ಸೀಳು. ಜಾದೂಗಾರನೊಬ್ಬ ಮದುವೆಯಾದ ಹೊಸದರಲ್ಲಿ ಹೆಂಡತಿಯ ಅಳತೆ ತೆಗೆದು ಕೈಯಾರೆ ಮಾಡಿದ್ದು. (ಬೇರೆ ಗಂಡಂದಿರು ಅಳತೆ ತೆಗೆದು ಉಂಗುರ ಮಾಡಿಸುತ್ತಾರೆ.) ಅಂದಿನಿಂದ ಪ್ರತಿ ಶೋನಲ್ಲೂ ಅವಳು ಒಳಗೆ ಇಳಿಯುತ್ತಾಳೆ, ಮುಚ್ಚಳ ಬೀಳುತ್ತದೆ, ಗರಗಸ ಇಳಿಯುತ್ತದೆ, ಪೆಟ್ಟಿಗೆ ಎರಡು ತುಂಡಾಗಿ ಆ ಕಡೆ ಈ ಕಡೆ ಉರುಳುತ್ತದೆ. ಜನ ಹೋ ಎನ್ನುತ್ತಾರೆ. ತುಂಡುಗಳು ಮತ್ತೆ ಕೂಡುತ್ತವೆ, ಅವಳು ಇಡಿಯಾಗಿ ಎದ್ದು ಬಂದು ಕೈ ಬೀಸುತ್ತಾಳೆ. ಬಂಧುಬಳಗ ಅವಳ ನಿಜವಾದ ಹೆಸರು ಮರೆತು ಎಷ್ಟೋ ಕಾಲವಾಯಿತು. ಎಲ್ಲರ ಬಾಯಲ್ಲೂ ಅವಳು ಅರ್ಧಕ್ಕ.

ಈಗ ಅರ್ಧಕ್ಕ ಆ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ.

೧, ಮತ್ತೊಮ್ಮೆ

“ಹಿಡಿಸಲ್ಲ ಅಂತ ಯಾಕೆ ಬರೆದ್ರಿ?” ಸೊಂಟದ ಮೇಲೆ ಕೈಯಿಟ್ಟು ಅರ್ಧಕ್ಕ ನನ್ನ ಮೇಜಿನ ಪಕ್ಕ ನಿಂತಿದ್ದಾಳೆ. “ಮುಚ್ಚಳ ಸ್ವಲ್ಪ ಕೂರಲ್ಲ, ಅಷ್ಟೆ. ಅದು ಮುಚ್ಚಳದ ತಪ್ಪು.”

“ಮುಚ್ಚಳ ಯಾಕೆ ಕೂರಲ್ಲ?”

“ಪಾಪ, ಅದಕ್ಕೂ ವಯಸ್ಸಾಗಲ್ವಾ?”

(ಪಾತ್ರಗಳಿಗೆ ಇಷ್ಟು ಸಲಿಗೆ ಕೊಡಬಾರದು, ಗೊತ್ತು. ಆದರೆ ನನಗೂ ಇವಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಹೆಚ್ಚುಕಡಿಮೆ ಒಂದೇ ಸುತ್ತಳತೆ. ಗದರಲು ಬಾಯಿ ಬರಲಿಲ್ಲ.)

“ಇನ್ನೊಂದು ವಿಷಯ,” ಎಂದಳು. “ಒಳಗೆ ನಾನು ಏನು ಮಾಡ್ತೀನಿ ಅಂತ ನಿಮ್ಮ ಓದುಗರಿಗೆ ಹೇಳಕೂಡದು. ಅದು ನಮ್ಮ ಹೊಟ್ಟೆಪಾಡು.”

“ಏನೂ ಹೇಳದೆ ಕಥೆ ಬರೆಯೋದು ಹೇಗಮ್ಮಾ?”

ಸ್ವಲ್ಪ ಯೋಚಿಸಿದಳು. “ಮಡಚಿಕೊಳ್ತೀನಿ ಅನ್ನಿ. ಅಷ್ಟು ಸಾಕು.”

ಮಡಚಿಕೊಳ್ಳುತ್ತಾಳೆ. ಅಷ್ಟು ಸಾಕು.

೨

ಕೆಲವು ತಿಂಗಳ ನಂತರಕ್ಕೆ ದೊಡ್ಡ ಹಾಲ್‌ನಲ್ಲಿ ಶೋ ನಿಗದಿಯಾಗಿತ್ತು. ಮನೆಯ ಹಿಂದಿನ ಕೋಣೆಯಲ್ಲಿ ರಿಹರ್ಸಲ್. ಅರ್ಧಕ್ಕ ಒಳಗೆ, ಮುಚ್ಚಳ ಮೇಲೆ, ಮುಚ್ಚಳದ ಮೇಲೆ ಗಂಡ.

“ರೀ, ಹತ್ತಿ ಕೂರಬೇಡಿ! ಇದೇನು ಸೂಟ್‌ಕೇಸಾ?”

“ಉಸಿರು ಬಿಡು.”

“ಬಿಟ್ಟಾಯ್ತು.”

“ಇನ್ನೂ ಸ್ವಲ್ಪ ಬಿಡು.”

“ಇನ್ನು ಬಿಟ್ರೆ ಪ್ರಾಣಾನೇ ಹೋಗೋದು!”

ಗಂಡ ಕೆಳಗಿಳಿದ. ಅವಳ ಮುಖ ನೋಡದೆ ಗರಗಸವನ್ನು ಬಟ್ಟೆಯಿಂದ ಒರೆಸತೊಡಗಿದ. ಆಗಲೇ ಒರೆಸಿದ ಗರಗಸ ಅದು. “ಈ ಸಲದ ಮಟ್ಟಿಗೆ ನಮ್ಮ ಪುಟ್ಟಿ ಮಲಗಲಿ ಅಂತಿದ್ದೆ…” ಎಂದ.

ಪುಟ್ಟಿ ಎಂದರೆ ಅವನ ತಂಗಿಯ ಮಗಳು. ಜಿಮ್ಮಿನಲ್ಲಿ ಟ್ರೈನರ್. ಹಂಚಿಕಡ್ಡಿಯ ಹಾಗಿದ್ದಾಳೆ. ಆ ಪೆಟ್ಟಿಗೆಯಲ್ಲಿ ಅವಳೂ ಹಿಡಿಸುತ್ತಾಳೆ, ಜೊತೆಗೆ ಒಂದು ದಿಂಬೂ ಹಿಡಿಸುತ್ತದೆ.

ಅರ್ಧಕ್ಕ ಪೆಟ್ಟಿಗೆಯ ಒಳಮೈ ಸವರಿದಳು. ಹೊರಗೆ ಸಭಾಂಗಣವಿಡೀ ಉಸಿರು ಬಿಗಿಹಿಡಿದಿರುವಾಗ, ವಾರ್ನಿಷ್ ವಾಸನೆಯ ಕತ್ತಲೆಯಲ್ಲಿ ತಾನೊಬ್ಬಳೇ ಆರಾಮಾಗಿ ನಗುತ್ತಿರುವುದು, ಆ ಸುಖ ಏನೆಂದು ಅವಳು ಯಾರಿಗೂ ಹೇಳಿದವಳಲ್ಲ. ಅಡುಗೆಮನೆ ಎಲ್ಲರದು. ಹಾಸಿಗೆ ಇಬ್ಬರದು. ಅವಳಿಗೇ ಅಂತ ಇದ್ದದ್ದು ಅದೊಂದು ಪೆಟ್ಟಿಗೆ.

“ಶೋ ದಿನ ಮುಚ್ಚಳ ಕೂತ್ರೆ ನಾನು,” ಎಂದಳು. “ಕೂರ್ಲಿಲ್ಲ ಅಂದ್ರೆ ಪುಟ್ಟಿ. ಮಾತಂದ್ರೆ ಮಾತು.”

೩ (ಕೈಬಿಟ್ಟ ಡ್ರಾಫ್ಟ್)

ಮೊದಲ ಡ್ರಾಫ್ಟ್‌ನಲ್ಲಿ ಅರ್ಧಕ್ಕ ಊಟ ಬಿಟ್ಟಳು. ಸೌತೆಕಾಯಿ, ಬಿಸಿನೀರು, ಮತ್ತೆ ಸೌತೆಕಾಯಿ. ನಾನೂ ಅದೇ ಹುಮ್ಮಸ್ಸಿನಲ್ಲಿ ಬರೆದೆ. ಒಂದು ಪ್ಯಾರಾದಲ್ಲಿ ಅವಳ ಕೆನ್ನೆ ಇಳಿಯಿತು, ಮುಂದಿನದರಲ್ಲಿ ಸೊಂಟ. ತೂಕದ ಯಂತ್ರದ ಮುಳ್ಳು ಹಿಂದಕ್ಕೆ ಓಡಿತು. ಅವಳು ಪೆಟ್ಟಿಗೆಗೆ ಇಳಿದು ಮಡಚಿಕೊಂಡಳು, ಮುಚ್ಚಳ ಟಪ್ಪೆಂದು ಕೂತಿತು. ಶುಭಂ ಎಂದು ಬರೆಯಲು ಪೆನ್ನು ಎತ್ತಿದ್ದೆ.

“ಹಿಡ್ಕೊಂಡಿತು! ಅಯ್ಯಯ್ಯೋ, ತೊಡೆ ಹಿಡ್ಕೊಂಡಿತು! ತೆಗೀರೀ!”

ಮಡಚಿಕೊಂಡರೆ ಸಾಲದು ನೋಡಿ. ಗರಗಸ ಇಳಿದು ಮತ್ತೆ ಮೇಲೆ ಬರುವ ತನಕ ಹಾಗೇ ಬಿಗಿದುಕೊಂಡಿರಬೇಕು. ಅದಕ್ಕೆ ಹೊಟ್ಟೆಯಲ್ಲಿ, ಬೆನ್ನಿನಲ್ಲಿ, ತೊಡೆಯಲ್ಲಿ ಕಸುವು ಬೇಕು. ಹೊರಗೆ ಎತ್ತಿದಾಗ ಅರ್ಧಕ್ಕ ಒಗೆದು ಹಿಂಡಿದ ಬಟ್ಟೆಯ ಹಾಗಿದ್ದಳು. ಮತ್ತೆ ಊಟ ಶುರು ಮಾಡಿದ್ದೇ ತಡ, ಬಿಟ್ಟು ಹೋಗಿದ್ದ ತೂಕ ನೆಂಟರಿಷ್ಟರನ್ನೂ ಕಟ್ಟಿಕೊಂಡು ವಾಪಸ್ ಬಂತು.

“ಬರೀ ಹಸಿದ್ರೆ ಮೈ ಬೊಜ್ಜನ್ನ ಮಾತ್ರ ಕರಗಿಸಲ್ಲ ಅತ್ತೆ,” ಎಂದಳು ಪುಟ್ಟಿ, ಅತ್ತೆಯ ತೊಡೆ ತಿಕ್ಕುತ್ತಾ. “ಸ್ನಾಯೂನೂ ತಿಂದುಹಾಕತ್ತೆ.”

“ನೀನು ಸುಮ್ನಿರೇ ಹಂಚಿಕಡ್ಡಿ. ನಾನು ಸೋತ್ರೆ ನಿನಗೇ ತಾನೆ ಚಾನ್ಸು?”

“ನಾನು ಪೆಟ್ಟಿಗೇಲಿ ಹಿಡಿಸ್ತೀನಿ ಅತ್ತೆ, ಸುಳ್ಳು ಹೇಳಲ್ಲ. ಆದ್ರೆ ನೀವು ಎದ್ದು ಬಂದು ಕೈ ಬೀಸ್ತೀರಲ್ಲ, ಅದು ನನಗೆ ಬರಲ್ಲ. ನಾಳೆಯಿಂದ ಜಿಮ್ಮಿಗೆ ಬನ್ನಿ.”

“ಈ ವಯಸ್ಸಲ್ಲಿ ನನ್ನನ್ನ ಯಾರು ಎತ್ಕೊಂಡು ಹೋಗ್ತಾರೆ?”

ಪುಟ್ಟಿ ಎದ್ದು, ತೋಳು ಮಡಚಿ, ಅತ್ತೆಯನ್ನು ಅನಾಮತ್ತಾಗಿ ಎತ್ತಿ ಬಾಗಿಲ ತನಕ ನಡೆದಳು. ಅರ್ಧಕ್ಕ ಬಿದ್ದೂಬಿದ್ದೂ ನಕ್ಕಳು. ಡ್ರಾಫ್ಟ್ ಅಲ್ಲಿಗೆ ಕೈಬಿಟ್ಟೆ.

೪

ಈ ನಡುವೆ ಸಂಪಾದಕರ ಫೋನು. “ಮೇಡಂ, ಕಥೆ ಸ್ವಲ್ಪ ದಪ್ಪ ಆಯ್ತಲ್ಲ? ಇಳಿಸಿ.”

ಇಳಿಸಿದೆ. ಗಂಡಹೆಂಡಿರ ಮಾತು ತೆಗೆದೆ, ವಾರ್ನಿಷ್ ವಾಸನೆ ತೆಗೆದೆ, ಪುಟ್ಟಿ ಅತ್ತೆಯನ್ನು ಎತ್ತಿದ್ದನ್ನು ತೆಗೆದೆ. ಕಥೆ ಎಷ್ಟು ತೆಳ್ಳಗಾಯಿತೆಂದರೆ ಫ್ಯಾನಿನ ಗಾಳಿಗೆ ಹಾರಿಹೋಯಿತು. ಬೊಜ್ಜು ಯಾವುದು, ಸ್ನಾಯು ಯಾವುದು ಎಂದು ನೋಡದೆ ಕತ್ತರಿ ಆಡಿಸಿದ್ದೆ. ಎಲ್ಲವನ್ನೂ ವಾಪಸ್ ಹಾಕಿದ್ದೇನೆ. ಸಂಪಾದಕರಿಗೆ ಅಷ್ಟು ಬೇಕಿದ್ದರೆ ಈ ನಾಲ್ಕನೇ ಭಾಗವನ್ನು ತೆಗೆದುಹಾಕಲಿ.

೫

ಜಿಮ್ಮಿನಲ್ಲಿ ಅರ್ಧಕ್ಕ ಮೊದಲು ಎತ್ತಿದ್ದು ಬರೀ ಕಂಬಿ. ಆಮೇಲೆ ಅದರ ಎರಡೂ ತುದಿಗೆ ಚಿಕ್ಕ ಬಿಲ್ಲೆ. ಆಮೇಲೆ ಅದಕ್ಕಿಂತ ದೊಡ್ಡದು. ಪಕ್ಕದಲ್ಲಿ ಹುಡುಗರು ಕನ್ನಡಿ ನೋಡಿಕೊಂಡು ಹೂಂಕರಿಸುತ್ತಿದ್ದರೆ, ಇವಳು ಸಂತೆಯಿಂದ ಚೀಲ ಎತ್ತಿಕೊಂಡು ಬರುವ ಮುಖಭಾವದಲ್ಲಿ ಕಬ್ಬಿಣ ಎತ್ತಿ ಇಟ್ಟು, “ಇನ್ನೇನಿದೆ?” ಎನ್ನುತ್ತಿದ್ದಳು.

ಊಟವನ್ನೂ ಬಿಡಲಿಲ್ಲ. ಮೊಟ್ಟೆ, ಕಾಳು, ತರಕಾರಿ ಹೆಚ್ಚಿತು. ಸಕ್ಕರೆ ಡಬ್ಬ ಅಟ್ಟದ ಮೇಲೆ ಹೋಯಿತು. ಅನ್ನ ಇತ್ತು, ಆದರೆ ಗುಡ್ಡದ ಬದಲು ದಿಬ್ಬವಾಗಿ.

ಇಷ್ಟೆಲ್ಲ ಆಗಿಯೂ ಮನೆಯ ತೂಕದ ಯಂತ್ರದ ಮುಳ್ಳು ಇದ್ದಲ್ಲೇ ಇತ್ತು. ಅರ್ಧಕ್ಕ ಅದನ್ನು ಕಾಲಲ್ಲಿ ತಿವಿದಳು, ಒರೆಸಿದಳು, ಪುಸಲಾಯಿಸಿದಳು. ಮುಳ್ಳು ಜಪ್ಪಯ್ಯ ಎನ್ನಲಿಲ್ಲ.

ಪುಟ್ಟಿ ಅವಳನ್ನು ಜಿಮ್ಮಿನ ದೊಡ್ಡ ಮಶಿನ್ ಮೇಲೆ ನಿಲ್ಲಿಸಿ ಚಪ್ಪಾಳೆ ತಟ್ಟಿದಳು. “ಅತ್ತೆ! ಕೊಬ್ಬು ಇಳಿದಿದೆ, ಸ್ನಾಯು ಏರಿದೆ. ಮನೇಲಿರೋ ಯಂತ್ರಕ್ಕೆ ಎರಡೂ ಒಂದೇ, ಅದಕ್ಕೆ ಸುಮ್ನಿದೆ.”

“ನಿನ್ನ ಯಂತ್ರಾನೂ ನಂಬಲ್ಲ, ನಮ್ಮನೇದೂ ನಂಬಲ್ಲ. ನಾನು ಪೆಟ್ಟಿಗೇನೇ ಕೇಳ್ತೀನಿ.”

ಪ್ರತಿ ಭಾನುವಾರ ಪೆಟ್ಟಿಗೆಯನ್ನು ಕೇಳುವುದು ಶುರುವಾಯಿತು. ಪೆಟ್ಟಿಗೆ ಎಂಥ ಸವಿ ಮಾತು ಆಡುತ್ತಿತ್ತು ಅಂತೀರಿ! ಈ ವಾರ ಭುಜಕ್ಕೆ ಸಲೀಸು. ಮುಂದಿನ ವಾರ ಮಂಡಿಗೆ ಸಲೀಸು. ಅದರ ಮುಂದಿನ ವಾರ ಒಳಗೆ ಕೈಯಾಡಿಸಿ ಮೂಗು ತುರಿಸಿಕೊಳ್ಳಬಹುದು! ಮುಚ್ಚಳ ಕೂತಿತು. ತೊಡೆ ಹಿಡಿದುಕೊಳ್ಳಲಿಲ್ಲ. ಅರ್ಧಕ್ಕ ಹೊರಗೆ ಜಿಗಿದು ಕೋಣೆಯ ತುಂಬ ಕುಣಿದಳು. ಗಂಡ, “ನೋಡಿದ್ಯಾ? ನಾನು ಹೇಳಿರ್ಲಿಲ್ವಾ?” ಎಂದ. (ಅವನು ಏನೂ ಹೇಳಿರಲಿಲ್ಲ.) ನಾನು ಬರೆಯುವುದನ್ನು ಬಿಟ್ಟು, ಮೇಜಿನ ಮೇಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದೆ.

೬

ಶೋಗೆ ಮುಂಚಿನ ಕೊನೆಯ ಭಾನುವಾರ. ಅರ್ಧಕ್ಕ ಒಳಗೆ ಮಡಚಿಕೊಂಡಳು, ಭುಜ ಸ್ವಲ್ಪ ಅಗಲಿಸಿದಳು.

ಪಟಾರ್!

ಪಕ್ಕದ ಹಲಗೆ ಸೀಳಿ ಅವಳ ಮೊಣಕೈ ಹೊರಗೆ ಬಂತು. ಪುಟ್ಟಿ ಕೆಳಗೆ ಬಿದ್ದ ಹಲಗೆಯ ಚೂರು ಎತ್ತಿಕೊಂಡಳು. ಹೊರಮೈ ಅದೇ ಹಳೆಯ ಕೆಂಪು. ದಪ್ಪ ಮಾತ್ರ ರಟ್ಟಿನಷ್ಟು.

“ಮಾವಾ?”

“ಅದು… ಹುಳ ತಿಂದಿರಬೇಕು.”

“ಹುಳ ಬಡಗಿ ಥರ ಇಷ್ಟು ನೀಟಾಗಿ ಉಜ್ಜುಗೊರಡು ಹಾಕತ್ತಾ ಮಾವ? ಆಮೇಲೆ ವಾರ್ನಿಷೂ ಹೊಡೆದಿದೆ.”

ಅರ್ಧಕ್ಕ ಮೆಲ್ಲಗೆ ಎದ್ದು ಕೂತಳು. ಗಂಡ ಪೆಟ್ಟಿಗೆಯ ಅಂಚು ಹಿಡಿದು ನಿಂತ. “ಪುಟ್ಟಿ ಹೆಸರು ಹೇಳಿದ ದಿನ ನಿನ್ನ ಮುಖ ನೋಡೋಕಾಗ್ಲಿಲ್ಲ ಕಣೇ. ನೀನು ಜಿಮ್ಮಿಗೆ ಹೋದಾಗ ಒಳಗಡೆಯಿಂದ ಸ್ವಲ್ಪ ಸ್ವಲ್ಪ ಹೆರೀತಿದ್ದೆ. ನೀನು ಹೊರಗೆ ಬಂದು ಕುಣೀತಿದ್ಯಲ್ಲ, ಅದನ್ನ ನೋಡೋಕೆ…”

(ಇಲ್ಲಿ ಗಂಡನ ಪ್ರೀತಿಯ ಬಗ್ಗೆ ಇಡೀ ಒಂದು ಪುಟ ಬರೆದಿದ್ದೆ. ಹಿಂದಿನ ಕೋಣೆಯಲ್ಲಿ ಒಬ್ಬನೇ ಕೂತು ಮರ ಹೆರೆಯುವ ಗಂಡಸು, ಸುರುಳಿ ಸುರುಳಿಯಾಗಿ ಉದುರುವ ಹೊಟ್ಟು, ನನಗೇ ಕಣ್ಣು ತುಂಬಿತ್ತು. ಅರ್ಧಕ್ಕ ಓದಿ ಹರಿದುಹಾಕಿದಳು.)

“ಇಷ್ಟು ವರ್ಷ ನೀವು ಜಗತ್ತಿಗೆಲ್ಲ ಕಣ್ಕಟ್ಟು ಮಾಡಿದ್ರಿ, ನಾನು ನಿಮ್ಮ ಜೊತೆ ಈ ಕಡೆ ಇದ್ದೆ,” ಎಂದಳು ಗಂಡನಿಗೆ. “ಈಗ ನನ್ನನ್ನೇ ಪ್ರೇಕ್ಷಕರ ಸಾಲಲ್ಲಿ ಕೂರಿಸಿಬಿಟ್ರಲ್ರೀ.”

ತೋಳು ಮಡಚಿ ಅವನ ಮುಂದೆ ಹಿಡಿದಳು.

“ಈ ಭುಜ ನೋಡಿ. ಇದು ನಾನು ಮಾಡ್ಕೊಂಡಿದ್ದು. ಸೊಂಟ ಇಳಿದಿದ್ದೂ ನಿಜ, ಶೋ ಡ್ರೆಸ್ಸು ಜಾರ್ತಿದೆ. ಆದ್ರೆ ಪೆಟ್ಟಿಗೆ ಸಡಿಲ ಆಯ್ತಲ್ಲ, ಅದ್ರಲ್ಲಿ ನನ್ನದೆಷ್ಟು, ನಿಮ್ಮ ಉಜ್ಜುಗೊರಡಿಂದೆಷ್ಟು? ಹೇಳಿ. ನಾನು ಕುಣಿದಿದ್ರಲ್ಲಿ ನನ್ನ ಕುಣಿತ ಎಷ್ಟು?”

ಯಾರಿಗೂ ಗೊತ್ತಿರಲಿಲ್ಲ. ಕಥೆ ಬರೆಯುತ್ತಿರುವ ನನಗೂ.

೭

ಮುಗಿಸಬೇಕಲ್ಲ. ಕೆಲವು ಮುಕ್ತಾಯ ತಯಾರಿಸಿದ್ದೇನೆ, ಬೇಕಾದ್ದು ಆರಿಸಿಕೊಳ್ಳಿ.

ಅ. ಗಂಡ ಪೆಟ್ಟಿಗೆಯೊಳಗೆ ಮಲಗುತ್ತಾನೆ, ಅರ್ಧಕ್ಕ ಗರಗಸ ಹಿಡಿಯುತ್ತಾಳೆ. (ನೀವು ಇದನ್ನು ಆಗಲೇ ಊಹಿಸಿದ್ದಿರಿ. ಚಪ್ಪಾಳೆಯೂ ತಟ್ಟಿದ್ದಿರಿ.) “ನನಗೆ ಗರಗಸ ಯಾಕೆ?” ಎಂದಳು ಅರ್ಧಕ್ಕ. “ನನಗೆ ಬೇಕಾಗಿರೋದು ನನ್ನ ಜಾಗ.”

ಆ. ಪುಟ್ಟಿ ಮಲಗುತ್ತಾಳೆ. ಪರದೆಯ ಮರೆಯಲ್ಲಿ ಅರ್ಧಕ್ಕ ತನ್ನ ಮೈಯನ್ನು ಇದ್ದ ಹಾಗೆ ಒಪ್ಪಿಕೊಂಡು ಹಗುರಾಗುತ್ತಾಳೆ. “ಒಪ್ಪಿಕೊಂಡೇ ಇದೀನಲ್ಲ! ನನ್ನ ಮೈ ಮೇಲೆ ನನಗೇನು ಸಿಟ್ಟು? ಸಿಟ್ಟು ಇರೋದು ಆ ಹಲಗೆ ಮೇಲೆ. ಇದನ್ನೂ ಹೊಡೆದುಹಾಕಿ.”

ಇ. ನನ್ನ ಹತ್ತಿರ ‘ಇ’ ಇರಲಿಲ್ಲ. ಅವಳೇ ಹೇಳಿದಳು, ನಾನು ಬರೆದುಕೊಂಡೆ.

ಗಂಡ ಹೊಸ ಹಲಗೆ ಹಾಕಿದ. ಹಳೆಯ ದಪ್ಪದ್ದೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಪುಟ್ಟಿ ಪಕ್ಕದಲ್ಲೇ ಕೂತು ಕಾವಲು ಕಾದಳು. ಒಮ್ಮೆ ಇಳಿದು ನೋಡು ಎಂದು ಇಬ್ಬರೂ ಗೋಗರೆದರು.

“ರಿಹರ್ಸಲ್‌ನಲ್ಲೇ ಅಲ್ವಾ ನನಗೆ ಟೋಪಿ ಬಿದ್ದಿದ್ದು? ಇನ್ನು ಸ್ಟೇಜ್ ಮೇಲೇ ಇಳಿಯೋದು.”

“ಹಿಡಿಸ್ಲಿಲ್ಲ ಅಂದ್ರೆ ಅಷ್ಟು ಜನರ ಮುಂದೆ ಮಾನ ಹೋಗತ್ತೆ ಕಣೇ!”

“ಹೋದ್ರೆ ಹೋಗ್ಲಿ, ಅದಾದ್ರೂ ನನ್ನದೇ ಇರತ್ತೆ.”

ಶೋ ದಿನ. ದೊಡ್ಡ ಹಾಲ್ ತುಂಬಿದೆ. ಪರದೆಯ ಪಕ್ಕದಲ್ಲಿ ಪುಟ್ಟಿ, ಅಕಸ್ಮಾತ್ ಬೇಕಾದರೆ ಎಂದು ಮಿನುಗುವ ಡ್ರೆಸ್ಸು ಹಾಕಿಕೊಂಡು, ಬೇಕಾಗದಿರಲಿ ಎಂದು ಉಗುರು ಕಚ್ಚುತ್ತಾ ನಿಂತಿದ್ದಾಳೆ. ಅರ್ಧಕ್ಕ ಕೈ ಬೀಸಿ ಪೆಟ್ಟಿಗೆಗೆ ಕಾಲಿಟ್ಟಳು. ನಾನೂ ಅವಳ ಹಿಂದೆಯೇ ಒಳಗೆ ಇಳಿಯಲು ಹೊರಟೆ. ಲೇಖಕಿಗೆ ಅಷ್ಟೂ ಹಕ್ಕಿಲ್ಲವೇ?

“ನೀವು ಆ ಕಡೆ ಹೋಗಿ ಕೂತ್ಕೊಳ್ಳಿ,” ಎಂದಳು. ಹೋದೆ.

ಮುಚ್ಚಳ ಇಳಿಯಿತು. ಪೂರ್ತಿ ಕೂತಿತೋ, ಅಂಚಿನಲ್ಲಿ ಒಂದು ಗೆರೆಯಷ್ಟು ಎದ್ದಿತ್ತೋ, ದೀಪಗಳು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಇಲ್ಲಿಂದ ಕಾಣಲಿಲ್ಲ. ಗಂಡ ಮುಚ್ಚಳವನ್ನು ಒತ್ತಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ, ಒತ್ತಲಿಲ್ಲ ಎಂದು ಅವಳಿಗೆ ಗೊತ್ತಾಗಲಿ ಎಂಬಂತೆ.

ಅವರಿಬ್ಬರ ನಡುವೆ ಒಂದು ಗುರುತಿದೆಯಂತೆ. ಅವಳು ಒಳಗಿನಿಂದ ಒಂದು ಸಲ ಬಡಿದರೆ ಗರಗಸ ಇಳಿಸಬೇಕು. ಎರಡು ಸಲ ಬಡಿದರೆ ಮುಚ್ಚಳ ತೆಗೆಯಬೇಕು.

ಟಕ್.

ಗಂಡ ಗರಗಸ ಎತ್ತಿದ. ಎತ್ತಿದವನು ಹಾಗೇ ನಿಂತ, ಕಿವಿ ಪೆಟ್ಟಿಗೆಯ ಕಡೆಗೆ. ಪುಟ್ಟಿಯ ಬೆರಳು ಬಾಯಲ್ಲೇ ಇದೆ. ಇನ್ನೊಂದು ಬಡಿತ ಬರುತ್ತದೋ ಇಲ್ಲವೋ ನನ್ನನ್ನು ಕೇಳಬೇಡಿ, ನಾನು ನಿಮ್ಮ ಪಕ್ಕದ ಸೀಟಿನಲ್ಲೇ ಕೂತಿದ್ದೇನೆ. ದಯವಿಟ್ಟು ಪುಟ ತಿರುವಬೇಡಿ. ಆ ಸದ್ದಿಗೆ ಏನೂ ಕೇಳಿಸುತ್ತಿಲ್ಲ.